ಶರತ್ಕಾಲದ ದ್ವೀಪವೂ ಅತಿಥಿಯ ಧರ್ಮವೂ

ಮನೆಗೆ ಬಂದವರನ್ನು ಸತ್ಕರಿಸಬೇಕೆಂಬ ಬೋಧನೆಗೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಿಲ್ಲ. ಹಸಿದವನಿಗೆ ಮುದ್ದೆಯನ್ನೂ ಬಾಯಾರಿದವನಿಗೆ ಮಜ್ಜಿಗೆಯನ್ನೂ ಕೊಡತಕ್ಕದ್ದೆಂದು ಹಿಂದೂ ನೆರೆಯವರು ಹೇಳುತ್ತಾರೆ, ಮುಸಲ್ಮಾನರು ಹೇಳುತ್ತಾರೆ, ನಮ್ಮ ಸಭೆಗಳಲ್ಲಿಯೂ ಹೇಳುತ್ತಾರೆ. ಆದರೆ ಕೊಡುವವನ ಧರ್ಮವನ್ನು ಇಷ್ಟು ವಿಸ್ತಾರವಾಗಿ ಹೇಳುವ ನಾವು ತೆಗೆದುಕೊಳ್ಳುವವನ ಧರ್ಮವೇನೆಂಬದನ್ನು ಕೇಳುವದು ಬಹು ಅಪರೂಪ. ಅನ್ಯರ ಒಲೆಯ ಬಳಿಗೆ ಬಂದವನು ಅಲ್ಲಿ ಹೇಗೆ ಕೂತುಕೊಳ್ಳಬೇಕು? ಉಪಕಾರವನ್ನು ಹೊಂದಿದ್ದರಲ್ಲಿ ನಾಚಿಕೆಪಡತಕ್ಕದ್ದು ಏನಾದರೂ ಉಂಟೋ?

ಈ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆಯ ಊರುಗಳಲ್ಲಿ ಕ್ರೈಸ್ತ ಮನೆಯ ಮಕ್ಕಳು ಒಂದು ಮಾತನ್ನು ಕೇಳಿರಬಹುದು. ನಿಮ್ಮ ಹಿರಿಯರು ಅನ್ನಕ್ಕಾಗಿ ಅಲ್ಲಿಗೆ ಸೇರಿದವರು ಎಂಬದೇ ಆ ಮಾತು. 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತೆಂದು ಎಣಿಕೆಯಾಗಿದೆ. ಆಗ ತಂದೆತಾಯಿಗಳನ್ನು ಕಳಕೊಂಡ ಅನೇಕ ಮಕ್ಕಳು ಮಿಶನಿನ ಅನಾಥಶಾಲೆಗಳಲ್ಲಿ ಗಂಜಿ ಕುಡಿದು ಬದುಕಿದ್ದು ನಿಜವೇ. ಇದನ್ನು ಇಲ್ಲವೆನ್ನುವದು ಸುಳ್ಳಾಗುವದು. ಹಾಗಾದರೆ ಹೌದೆಂದು ಹೇಳಿ ತಲೆತಗ್ಗಿಸಬೇಕೋ? ಇದನ್ನು ವಿಚಾರಿಸುವದಕ್ಕೆ ನಾವು ವಾಚಕರನ್ನು ದೂರದ ಒಂದು ದ್ವೀಪಕ್ಕೆ ಕರೆದುಕೊಂಡುಹೋಗುತ್ತೇವೆ.

ಅಪೊಸ್ತಲರ ಕೃತ್ಯಗಳ ಕೊನೆಯ ಎರಡು ಅಧ್ಯಾಯಗಳನ್ನು ಬಲ್ಲವರಿಗೆ ಆ ದ್ವೀಪದ ಹೆಸರು ಗೊತ್ತು. ಆ ಗ್ರಂಥದಲ್ಲಿ ಮೆಲೀತೆ ಎಂದಿರುವದನ್ನು ಈಗ ಮಾಲ್ಟಾ ಎನ್ನುತ್ತಾರೆ. ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಸಾಗಿಸಲ್ಪಡುತ್ತಿದ್ದಾಗ, ಗೋಧಿಯನ್ನು ತುಂಬಿದ ಅಲೆಕ್ಸಾಂದ್ರಿಯದ ಹಡಗು ಮೊದಲು ಕ್ರೇತದ್ವೀಪದ ಚಂದರೇವುಗಳೆಂಬ ಸ್ಥಳವನ್ನು ಮುಟ್ಟಿತು. ಯೆಹೂದ್ಯರ ಉಪವಾಸದ ದಿನವು ಆಗಲೇ ಕಳೆದಿತ್ತೆಂದು ಲೂಕನು ಬರೆದಿದ್ದಾನೆ. ಆ ದಿನವು ಸೆಪ್ಟೆಂಬರ್ ತಿಂಗಳ ನಡುವಿನಿಂದ ಅಕ್ಟೋಬರ್ ತಿಂಗಳ ನಡುವಿನೊಳಗೆ, ಅಂದರೆ ನಮ್ಮಲ್ಲಿ ದಸರೆಯ ಸುಮಾರಿಗೆ ಬರುತ್ತದೆ. ಶರತ್ಕಾಲವು ತಲೆದೋರಿದ ಮೇಲೆ ಆ ಸಮುದ್ರವನ್ನು ನಂಬಕೂಡದೆಂದು ನಾವಿಕರೆಲ್ಲರೂ ಬಲ್ಲರು. ಇಲ್ಲಿಯೇ ನಿಲ್ಲೋಣವೆಂದು ಪೌಲನು ಹೇಳಿದನು. ಆದರೆ ಆ ರೇವು ಮಳೆಗಾಲ ಕಳೆಯುವದಕ್ಕೆ ಅನುಕೂಲವಾದದ್ದಲ್ಲವೆಂದು ಹಡಗಿನ ಯಜಮಾನನಿಗೂ ಚುಕ್ಕಾಣಿಯವನಿಗೂ ತೋರಿತು. ಸ್ವಲ್ಪ ಮುಂದಕ್ಕೆ ಇನ್ನೂ ಒಳ್ಳೇ ರೇವು ಇತ್ತು. ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಹೊರಟರು. ತುಸು ಹೊತ್ತಿನಲ್ಲಿಯೇ ಈಶಾನ್ಯ ದಿಕ್ಕಿನ ಬಿರುಗಾಳಿ ಎರಗಿತು. ಹದಿನಾಲ್ಕು ರಾತ್ರಿ ಸೂರ್ಯನಕ್ಷತ್ರಗಳ ಗುರುತಿಲ್ಲದೆ ತೇಲಿ, ಗೋಧಿಯನ್ನೆಲ್ಲಾ ಸಮುದ್ರಕ್ಕೆ ಚೆಲ್ಲಿ, ಹಡಗು ಒಡೆದು, ಈಜಬಲ್ಲವರು ಈಜಿಯೂ ಇತರರು ಹಲಿಗೆಗಳನ್ನು ಹಿಡಿದೂ 276 ಮಂದಿ ದಡಕ್ಕೆ ಬಂದರು. ಸಾಲದೆಂದು ನೂಕಿಬಿಟ್ಟ ದ್ವೀಪವೊಂದು, ಕೇಳದೆ ಬಂದು ಬಿದ್ದ ದ್ವೀಪವೊಂದು. ಅತಿಥಿಯು ತನ್ನ ಆತಿಥೇಯನನ್ನು ಆರಿಸಿಕೊಳ್ಳುವದು ಅಪರೂಪವೆಂಬದು ಇದರಿಂದಲೇ ಕಾಣುತ್ತದೆ.

ಈ ಮೆಲೀತೆ ಎಷ್ಟು ದೊಡ್ಡದೆಂದು ವಾಚಕರು ಕೇಳಿಯಾರು. ದ್ವೀಪವು 246 ಚದರ ಕಿಲೋಮೀಟರು. ಬದಿಯ ಚಿಕ್ಕ ದ್ವೀಪಗಳನ್ನು ಸೇರಿಸಿದರೂ 316. ನಮ್ಮ ಹುಣಸೂರು ತಾಲ್ಲೂಕಿಗಿಂತಲೂ ಬಹಳ ಚಿಕ್ಕದು. ವರುಷವೆಲ್ಲಾ ಹರಿಯುವ ಹೊಳೆ ಅಲ್ಲಿ ಒಂದೂ ಇಲ್ಲ. ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳ ಮೇಲಿಂದ ಧುಮುಕುವದನ್ನು ನೋಡುತ್ತಾ ಬೆಳೆದವನಿಗೆ ಇದನ್ನು ಊಹಿಸುವದೇ ಕಷ್ಟ. ಬೇಸಿಗೆಯಲ್ಲಿ ಮಳೆಯೇ ಇಲ್ಲದೆ ನೆಲವು ಒಣಗಿ ಕಂದಾಗಿರುತ್ತದೆ. ಜೇನಿನ ಬಣ್ಣದ ಸುಣ್ಣಕಲ್ಲಿನ ಗೋಡೆಗಳು ಹೊಲಹೊಲಕ್ಕೂ ಎದ್ದು ನಿಂತಿವೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮೊದಲನೆಯ ಮಳೆಗಳು ಬಿದ್ದ ಕೂಡಲೆ ಅದೇ ನೆಲವು ಹಸುರಾಗುತ್ತದೆ. ನಮ್ಮ ಪೈರು ಹಣ್ಣಾಗುವ ಕಾಲಕ್ಕೆ ಅವರ ಭೂಮಿ ಕಣ್ಣುತೆರೆಯುತ್ತದೆ. ಸಮುದ್ರವು ಮಾತ್ರ ಬೇಸಿಗೆಯ ಬಿಸುಪನ್ನು ಇನ್ನೂ ಇಟ್ಟುಕೊಂಡಿರುತ್ತದೆ. ಬೆಸ್ತರು ತಾಳೆಗರಿಯ ಚಪ್ಪರಗಳನ್ನು ನೀರಿನ ಮೇಲೆ ತೇಲಬಿಟ್ಟು, ಆ ನೆರಳಿಗೆ ಬಂದು ಕೂಡುವ ಲಂಪೂಕಿ ಎಂಬ ಮೀನನ್ನು ಈ ಕಾಲದಲ್ಲಿ ಹಿಡಿಯುತ್ತಾರೆ. ನೆರಳನ್ನು ನಂಬಿ ಬಂದ ಮೀನಿನ ಗತಿಯನ್ನು ನೆನಸಿದರೆ ಎಲ್ಲಾ ಆತಿಥ್ಯವೂ ಒಂದೇ ತರದ್ದಲ್ಲವೆಂದು ಹೇಳಬೇಕಾಗುತ್ತದೆ.

ಪೌಲನೂ ಅವನ ಜೊತೆಯವರೂ ಕಂಡ ಆತಿಥ್ಯವು ಅಂಥಾದ್ದಲ್ಲ. ಮಳೆ ಹೊಯ್ಯುತ್ತಿತ್ತು, ಚಳಿ ಹಿಡಿದಿತ್ತು. ದ್ವೀಪದವರು ಬೆಂಕಿಯನ್ನು ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡರು. ಬಂದವರಲ್ಲಿ ಸೆರೆಯವರಿದ್ದರು, ಸಿಪಾಯಿಗಳಿದ್ದರು. ಕೆಲವು ಗಳಿಗೆಗಳ ಮುಂಚೆ ಆ ಸಿಪಾಯಿಗಳೇ, ಸೆರೆಯವರು ಓಡಿಹೋದಾರೆಂದು ಅವರನ್ನು ಕೊಲ್ಲಬೇಕೆಂದಿದ್ದರು. ಶತಾಧಿಪತಿಯು ತಡೆಯದಿದ್ದರೆ ಕೊಲ್ಲುತ್ತಲೂ ಇದ್ದರು. ಬೆಂಕಿ ಹಾಕಿದವರು ಇವನು ಯಾರು, ಅವನು ಏನು ಮಾಡಿದವನು ಎಂದು ಮೊದಲು ವಿಚಾರಿಸಿದರೆಂದು ಲೂಕನು ಬರೆದಿಲ್ಲ.

ಇಲ್ಲಿ ಒಂದು ಪದವನ್ನು ಗಮನಿಸಬೇಕು. ಲೂಕನು ಗ್ರೀಕ್ ಭಾಷೆಯಲ್ಲಿ ಆ ದ್ವೀಪದವರನ್ನು ಬಾರ್ಬರೊಯ್ ಎಂದು ಕರೆದಿದ್ದಾನೆ. ಗ್ರೀಕರ ಕಿವಿಗೆ ಅನ್ಯರ ಮಾತೆಲ್ಲಾ ಬರ್ ಬರ್ ಎಂಬ ತೊದಲಿನಂತೆ ಕೇಳಿಸುತ್ತಿದ್ದದರಿಂದ ಈ ಹೆಸರು ಹುಟ್ಟಿತು. ಕ್ರಮೇಣ ಅದಕ್ಕೆ ಒರಟರು, ಕಾಡರು ಎಂಬ ಅರ್ಥವೂ ಅಂಟಿತು. ದ್ವೀಪದವರು ಆಗ ಫೊಯಿನಿಕೆಯವರ ಭಾಷೆಯನ್ನು ಆಡುತ್ತಿದ್ದರು. ಅವರ ಭಾಷೆ ಈಗ ಬೇರೆ, ಅರಬ್ಬೀ ಭಾಷೆಯ ನಂಟಿನದು. ತೊದಲುವವರೆಂದು ಕರೆಯಿಸಿಕೊಂಡವರ ದಯೆಯು ಅಸಾಧಾರಣವಾದದ್ದೆಂದು ಅದೇ ವಾಕ್ಯದಲ್ಲಿ ಲೂಕನು ಒಪ್ಪಿಕೊಂಡನು. ಹಳೇ ಹೆಸರೂ ಹೊಸ ಅನುಭವವೂ ಒಟ್ಟಿಗೆ ನಿಂತಿವೆ.

ಆ ಹೆಸರಿನ ಬಿಸಿಯು ನಮಗೂ ತಗಲಿರಬಹುದು. ಐಗುಪ್ತದ ಆಕ್ಸಿರಿಂಖಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ದೊರೆತು 1903ನೇ ಇಸವಿಯಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದುಂಟು. ಇಂಡಿಯಾ ದೇಶದ ಕರಾವಳಿಯಲ್ಲಿ ಸಿಕ್ಕಿಕೊಂಡ ಖಾರಿತಿಯಾನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಕಡೆಯವರು ಬಂದು, ಅಲ್ಲಿಯ ಅರಸನಿಗೂ ಅವನ ಪರಿವಾರಕ್ಕೂ ಮದ್ಯವನ್ನು ಕುಡಿಸಿ, ಹಡಗಿಗೆ ಕರೆದೊಯ್ಯುವದೇ ಅದರ ಕಥೆ. ಅರಸನ ಬಾಯಲ್ಲಿ ಹಾಕಿರುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದರು; ಮೈಸೂರಿನ ಶಾಮಶಾಸ್ತ್ರಿಗಳೂ ಆ ಪಕ್ಷವನ್ನು ಹಿಡಿದರು; ಬೇರೆ ಪಂಡಿತರು ಒಪ್ಪಲಿಲ್ಲ. ಅದು ಕನ್ನಡವಾಗಿರಲಿ ಅಲ್ಲದಿರಲಿ, ಆ ನಾಟಕವನ್ನು ನೋಡಿ ನಕ್ಕವರ ಕಣ್ಣಿಗೆ ನಾವು ಮೆಲೀತೆಯವರ ಸಾಲಿನಲ್ಲಿಯೇ ನಿಂತಿದ್ದೆವು. ಇದನ್ನು ತಿಳಿದವನು ಕಾಡಿನ ಹಾಡಿಯಲ್ಲಿರುವವರ ಮಾತನ್ನು ಕೇಳಿ ನಗುವದಕ್ಕೆ ಮುಂಚೆ ತುಸು ತಡೆದಾನು.

ಇನ್ನು ಅತಿಥಿಯ ವಿಷಯಕ್ಕೆ ಬರೋಣ. ತನ್ನ ಕೈಗಳಿಂದಲೇ ದುಡಿದು ಉಣ್ಣುವದನ್ನು ಪೌಲನು ಬಹಳವಾಗಿ ಹೇಳಿಕೊಂಡವನು; ಗುಡಾರ ಮಾಡುವದು ಅವನ ಕಸಬು. ಅಂಥವನು ಈ ದಡದಲ್ಲಿ ಒದ್ದೆ ಬಟ್ಟೆಯ ಹೊರತು ಏನೂ ಇಲ್ಲದೆ ನಿಂತನು. ಆಗ ಅವನು ಮಾಡಿದ ಮೊದಲನೆಯ ಕೆಲಸವು ಪ್ರಸಂಗವಲ್ಲ. ಕಟ್ಟಿಗೆಯನ್ನು ಆರಿಸಿ ಬೆಂಕಿಗೆ ಹಾಕಿದನು. ಬೆಂಕಿಯು ದ್ವೀಪದವರದು, ಕಾಡು ದ್ವೀಪದವರದು, ಸೌದೆಯೂ ಅವರದೇ. ಅವನು ತಂದದ್ದು ಬರಿಯ ಕೈಗೆಲಸವು. ಅದರಿಂದ ಸಾಲ ತೀರಲಿಲ್ಲ; ತೀರಿಸಬೇಕೆಂದು ಅವನು ಎಣಿಸಿದಂತೆಯೂ ಕಾಣುವದಿಲ್ಲ. ಚಳಿ ಕಾಯಿಸಿಕೊಳ್ಳುವವನು ಬೆಂಕಿಗೆ ಒಂದು ಹೊರೆಯನ್ನು ಹಾಕುವದು ಲೆಕ್ಕದ ಮಾತಲ್ಲ, ಆ ಬೆಂಕಿಯಲ್ಲಿ ತನಗೂ ಪಾಲುಂಟೆಂದು ಒಪ್ಪಿಕೊಳ್ಳುವದಷ್ಟೇ. ನಾಚಿಕೆಗೆ ಉತ್ತರವನ್ನು ನಾವು ಇಲ್ಲಿಯೇ ಕಾಣುತ್ತೇವೆ. ಕ್ಷಾಮದಲ್ಲಿ ಗಂಜಿ ಕುಡಿದು ಬದುಕಿದ್ದು ಅವಮಾನವಲ್ಲ. ಬದುಕಿದ ಮೇಲೆ ಕಟ್ಟಿಗೆಗೆ ಹೋಗದೆ ಬೆಂಕಿಯ ಮುಂದೆಯೇ ಕೂತಿದ್ದರೆ ಅದು ಬೇರೆ ಮಾತು. ಆ ಅನಾಥಶಾಲೆಗಳಲ್ಲಿ ಬೆಳೆದವರೊಳಗೆ ಉಪಾಧ್ಯಾಯರೂ ದಾದಿಯರೂ ಬಡಗಿಗಳೂ ಆದವರುಂಟು. ಅನ್ನಕ್ಕಾಗಿ ಸೇರಿದವರೆಂದು ಹಂಗಿಸುವವನಿಗೆ, ಹೌದು, ಹಸಿದಿದ್ದರು ಎಂದು ಹೇಳಿದರೆ ಸಾಕು. ಹಸಿವೆಯು ಪಾಪಗಳ ಪಟ್ಟಿಯಲ್ಲಿ ಇಲ್ಲ.

ಹಾವಿನ ಸಂಗತಿ ಎಲ್ಲರಿಗೂ ಗೊತ್ತು. ಪೌಲನ ಕೈಯನ್ನು ಹಾವು ಹಿಡಿದಾಗ ಇವನು ಕೊಲೆಗಾರನೆಂದರು. ಅವನು ಸಾಯದಿದ್ದಾಗ ದೇವರೆಂದರು. (ಈಗ ಆ ದ್ವೀಪದಲ್ಲಿ ಮನುಷ್ಯನನ್ನು ಕೊಲ್ಲುವ ಹಾವೇ ಇಲ್ಲ, ಹೆಗ್ಗಡದೇವನಕೋಟೆಯವರಿಗೆ ಇದು ಆಶ್ಚರ್ಯವಾದೀತು.) ಪರಸ್ಥಳದಿಂದ ಬಂದವನಿಗೆ ಈ ಎರಡು ಹೆಸರುಗಳೂ ಈಗಲೂ ಸುಲಭವಾಗಿ ದೊರೆಯುತ್ತವೆ. ಕಳ್ಳನೆಂದು ಕಂಬಕ್ಕೆ ಕಟ್ಟುವವರೂ ಮಹಾತ್ಮನೆಂದು ಕಾಲಿಗೆ ಬೀಳುವವರೂ ಒಂದೇ ಊರಿನವರಾಗಿರುತ್ತಾರೆ. ಮೊದಲನೆಯದಕ್ಕೆ ಸಿಟ್ಟಾಗದೆ ಎರಡನೆಯದಕ್ಕೆ ಉಬ್ಬದೆ ಇರುವದು ಅತಿಥಿಯ ಕೆಲಸಗಳಲ್ಲೆಲ್ಲಾ ಕಠಿಣವಾದದ್ದೆಂದು ನಮಗೆ ತೋರುತ್ತದೆ. ಪೊಪ್ಲಿಯನೆಂಬ ದ್ವೀಪದ ಮುಖ್ಯಸ್ಥನು ಅವರನ್ನು ಮೂರು ದಿವಸ ಮನೆಯಲ್ಲಿರಿಸಿಕೊಂಡನು; ಅವನ ತಂದೆ ಜ್ವರದಿಂದಲೂ ರಕ್ತಭೇದಿಯಿಂದಲೂ ಮಲಗಿದ್ದನು; ಪೌಲನು ಅವನನ್ನೂ ಬೇರೆ ರೋಗಿಗಳನ್ನೂ ಸ್ವಸ್ಥಮಾಡಿದನು. ಮೂರು ತಿಂಗಳು ಅಲ್ಲಿದ್ದರೂ ಅವನು ದ್ವೀಪದವರಿಗೆ ಒಂದು ಪ್ರಸಂಗವನ್ನಾದರೂ ಮಾಡಿದನೆಂದು ಲೂಕನು ಹೇಳುವದಿಲ್ಲ. ಮಾಡಿರಲೂಬಹುದು. ಬೇರೆ ಊರುಗಳಲ್ಲಿ ಪೌಲನ ಮಾತುಗಳನ್ನು ಅಷ್ಟು ಜಾಗ್ರತೆಯಿಂದ ಬರೆದಿಟ್ಟವನು ಇಲ್ಲಿ ಬೆಂಕಿ, ಕಟ್ಟಿಗೆ, ರೋಗಿಗಳು, ಮರ್ಯಾದೆಗಳು ಇಷ್ಟನ್ನೇ ಬರೆದು ನಿಲ್ಲಿಸಿದ್ದಾನೆ.

ಆ ದಡಕ್ಕೆ ಈಗ ಸಂತ ಪೌಲನ ಕೊಲ್ಲಿಯೆಂದು ಹೆಸರು. ಪ್ರತಿವರುಷ ಫೆಬ್ರವರಿ 10ರಲ್ಲಿ ಹಡಗು ಒಡೆದ ಹಬ್ಬವನ್ನು ಅಲ್ಲಿಯವರು ಆಚರಿಸುತ್ತಾರೆ. ಬೆಂಕಿ ಹಾಕಿದವರೊಳಗೆ ಒಬ್ಬನ ಹೆಸರೂ ಉಳಿದಿಲ್ಲ. ಉಳಿದದ್ದು ಮುಖ್ಯಸ್ಥನ ಹೆಸರು ಮಾತ್ರ. ನಮ್ಮ ಚುಂಚನಕಟ್ಟೆಯಲ್ಲಿ ಇದಕ್ಕೆ ವಿರೋಧವಾದ ಸಂಗತಿಯನ್ನು ಕಾಣುತ್ತೇವೆ. ವನವಾಸದಲ್ಲಿದ್ದ ರಾಮ ಸೀತೆ ಲಕ್ಷ್ಮಣರನ್ನು ಚುಂಚ ಮತ್ತು ಚುಂಚಿ ಎಂಬ ಕಾಡಿನ ಗಂಡಹೆಂಡರು ಆದರಿಸಿದರೆಂದೂ ಅದರಿಂದಲೇ ಊರಿಗೆ ಈ ಹೆಸರು ಬಂತೆಂದೂ ನೆರೆಯವರು ಹೇಳುವದುಂಟು. ಇದನ್ನು ನಾವು ನಂಬಿಕೆಯ ವಿಷಯವಾಗಿ ಎತ್ತಲಿಲ್ಲ, ಊರಿನ ನೆನಪಾಗಿ ಎತ್ತಿದ್ದೇವೆ. ದೇವಾಲಯವು ಕೋದಂಡರಾಮನದು; ಸಂಕ್ರಾಂತಿಯ ಕಾಲದ ದನಗಳ ಜಾತ್ರೆಗೆ ಬರುವವರು ಅವನ ಹೆಸರಿನಲ್ಲಿಯೇ ಬರುತ್ತಾರೆ; ಆದಾಗ್ಯೂ ಊರು ಮಾತ್ರ ಉಣ್ಣಿಸಿದವರ ಹೆಸರನ್ನು ಇಟ್ಟುಕೊಂಡಿದೆ. ಇದು ನಮ್ಮ ಸೀಮೆಯ ಹೆಚ್ಚಳವೆಂದು ಹೇಳುವದಕ್ಕೆ ನಮಗೆ ಸಂಕೋಚವಿಲ್ಲ.

ಆದರೆ ಹೆಸರು ಉಳಿದ ಮಾತ್ರಕ್ಕೆ ಕುಲವು ಉಳಿಯಿತೋ? ಕಬಿನಿ ಅಣೆಯು 1974ರಲ್ಲಿ ಮುಗಿದಾಗ ಹೆಗ್ಗಡದೇವನಕೋಟೆಯ ಕಾಡೂ ಊರುಗಳೂ ನೀರಿನಲ್ಲಿ ಮುಳುಗಿದವು. ನಾಗರಹೊಳೆಯ ಕಾಡನ್ನು ಮೃಗಗಳಿಗಾಗಿ ಕಾದಿಟ್ಟ ಮೇಲೆ ಜೇನುಕುರುಬರೂ ಬೆಟ್ಟಕುರುಬರೂ ಆದ ಅನೇಕ ಕುಟುಂಬಗಳನ್ನು ಹೊರಕ್ಕೆ ತಂದರು. ಕೆಲವರನ್ನು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆಗೊಳಿಸಿದರು. ಕಾಡಿನಲ್ಲಿ ದಾರಿತಪ್ಪಿದವನಿಗೆ ಜೇನನ್ನೂ ಗೆಣಸನ್ನೂ ಕೊಟ್ಟ ಜನವು ಈಗ ತಮ್ಮ ಕಾಡಿಗೆ ಹೋಗುವದಕ್ಕೆ ಅಪ್ಪಣೆ ಕೇಳಬೇಕಾಗಿದೆ. ಹುಲಿಯನ್ನು ಉಳಿಸುವದು ಒಳ್ಳೇ ಕೆಲಸವೇ ಸರಿ. ಅದರ ಬೆಲೆಯನ್ನು ಯಾರು ತೆತ್ತರೆಂಬದನ್ನು ಮಾತ್ರ ಮರೆಯಬಾರದು.

ಅತಿಥಿಯು ಯಜಮಾನನಾಗುವದು ಹೀಗೆಯೇ, ಅರಿಯದಂತೆ. ಮೆಲೀತೆಯ ಚರಿತ್ರೆಯನ್ನು ಓದಿದರೆ ಇದು ಚೆನ್ನಾಗಿ ತಿಳಿಯುತ್ತದೆ. ತುರ್ಕಿಯವರಿಂದ ರೋದ ದ್ವೀಪವನ್ನು ಕಳಕೊಂಡು ನೆಲೆಯಿಲ್ಲದೆ ಅಲೆಯುತ್ತಿದ್ದ ಸಂತ ಯೋಹಾನನ ವೀರರಿಗೆ ಐದನೆಯ ಚಾರ್ಲ್ಸ್ ಚಕ್ರವರ್ತಿಯು 1530ರಲ್ಲಿ ಆ ದ್ವೀಪವನ್ನು ಕೊಟ್ಟನು. ವರುಷಕ್ಕೆ ಒಂದು ಡೇಗೆಹಕ್ಕಿಯೇ ಕಂದಾಯ. ನಿರಾಶ್ರಿತರಾಗಿ ಬಂದವರು 268 ವರುಷ ಆಳಿದರು. 1798ರ ಜೂನಿನಲ್ಲಿ ನೆಪೋಲಿಯನನು ತನ್ನ ಹಡಗುಗಳಿಗೆ ಕುಡಿಯುವ ನೀರನ್ನು ಕೇಳಿದನು; ಒಂದು ಸಾರಿಗೆ ನಾಲ್ಕು ಹಡಗು ಮಾತ್ರ ಬರಬಹುದೆಂದರು; ಅವನು ದ್ವೀಪವನ್ನೇ ತೆಗೆದುಕೊಂಡನು. ಅವನ ದಂಡಿನವರು ದೇವಾಲಯಗಳ ಸೊತ್ತಿಗೆ ಕೈಹಾಕಿದಾಗ ಸೆಪ್ಟೆಂಬರ್ 2ರಂದು ಜನರು ದಂಗೆಯೆದ್ದರು. ಅವರಿಗೆ ಸಹಾಯಮಾಡುವದಕ್ಕೆ ಇಂಗ್ಲಿಷರು ಬಂದರು, ಸಹಾಯ ಮುಗಿದ ಮೇಲೂ ಹೋಗಲಿಲ್ಲ. ದ್ವೀಪವು ಸ್ವತಂತ್ರವಾದದ್ದು 1964ರ ಸೆಪ್ಟೆಂಬರ್ 21ರಂದು. ಆದಕಾರಣ ಶರತ್ಕಾಲದ ಆರಂಭದಲ್ಲಿ ಅಲ್ಲಿಗೆ ಹೋಗುವ ಪ್ರವಾಸಿಗಳು ಆ ಹಬ್ಬದ ಬಾವುಟಗಳನ್ನು ಕಾಣುತ್ತಾರೆ. ತಾವೂ ಅತಿಥಿಗಳೇ ಎಂಬದು ಅವರ ನೆನಪಿಗೆ ಬರುತ್ತದೋ ಇಲ್ಲವೋ, ನಾವು ಹೇಳಲಾರೆವು.

ಇಷ್ಟು ದೂರಕ್ಕೆ ಹೋಗಬೇಕಾಗಿಯೂ ಇಲ್ಲ. ಶುಂಠಿಯನ್ನು ಬೆಳೆಯುವದಕ್ಕಾಗಿ ಕೇರಳದಿಂದ ನಮ್ಮ ತಾಲ್ಲೂಕುಗಳಿಗೆ ಬಂದು ಹೊಲವನ್ನು ಗುತ್ತಿಗೆಗೆ ಹಿಡಿಯುವವರುಂಟು. ಅವರು ಕೊಡುವ ಹಣದಿಂದ ಎಷ್ಟೋ ಮನೆಗಳ ಸಾಲ ತೀರಿದೆ, ಮದುವೆಗಳು ನಡೆದಿವೆ. ಆದರೆ ಶುಂಠಿಯ ಕೊಳೆರೋಗವು ಮಣ್ಣಿನಲ್ಲಿಯೇ ನಿಲ್ಲುವದರಿಂದ ಮರುವರುಷ ಬೇರೆ ಹೊಲವನ್ನು ಹುಡುಕುತ್ತಾರೆ. ಸೋತ ಮಣ್ಣು ಹೊಲದವನ ಪಾಲಿಗೆ ಉಳಿಯುತ್ತದೆ. ದುಡ್ಡು ಕೊಟ್ಟವನು ಅತಿಥಿಯಲ್ಲವೆಂದು ಹೇಳಿ ಈ ವಿಚಾರವನ್ನು ತಳ್ಳಿಬಿಡಬಾರದು. ಬೈಲುಕುಪ್ಪೆಯನ್ನು ನೋಡಿರಿ. ಟಿಬೇಟಿನಿಂದ ಓಡಿಬಂದವರಿಗೆ ಮೈಸೂರು ಸರಕಾರವು 1960ರ ಸುಮಾರಿಗೆ ಅಲ್ಲಿ ಸುಮಾರು 3,000 ಎಕರೆಯನ್ನು ಗುತ್ತಿಗೆಯಾಗಿ ಕೊಟ್ಟಿತು. ಆನೆ ತಿರುಗುವ ಕಾಡನ್ನು ಕಡಿದು ಅವರು ಮುಸುಕಿನ ಜೋಳವನ್ನು ಬಿತ್ತಿದರು. ತಮ್ಮ ಶಾಲೆಯನ್ನೂ ಮಠವನ್ನೂ ಕಟ್ಟಿಕೊಂಡರು. ಕನ್ನಡವನ್ನು ಕಲಿತು ಸಂತೆಯಲ್ಲಿ ವ್ಯಾಪಾರ ಮಾಡುತ್ತಾರೆ. ಹೊರಟುಹೋಗುವ ದಿನವನ್ನು ಎದುರುನೋಡುತ್ತಲೇ ಗಿಡವನ್ನು ನೆಡುತ್ತಾರೆ. ಮಿಶನಿನ ಕಡೆಯಿಂದ ಬಂದವರೊಳಗೂ ಎರಡು ತರದವರಿದ್ದರು. ಬಂಗಲೆಯ ಜಗಲಿಯಿಂದ ಇಳಿಯದವರನ್ನು ಜನರು ಮರೆತರು. ಕಿಟ್ಟೆಲ್ ಪಾದ್ರಿಗಳು ಕನ್ನಡದ ಮಾತುಗಳನ್ನು ಪುಳ್ಳೆಯಂತೆ ಒಂದೊಂದಾಗಿ ಆರಿಸಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟನ್ನು ಕ್ರೈಸ್ತರಲ್ಲದವರೂ ಇಂದಿಗೂ ತೆರೆಯುತ್ತಾರೆ.

ಮೆಲೀತೆಯಿರುವ ಅದೇ ಸಮುದ್ರದ ಮೂಡಣ ಅಂಚಿನಲ್ಲಿ ಕುಪ್ರ ಅಥವಾ ಸೈಪ್ರಸ್ ದ್ವೀಪವಿದೆ, ಬಾರ್ನಬನ ಹುಟ್ಟೂರು. ಅಲ್ಲಿಗೆ ನಮ್ಮ ನೆರೆಯ ಕೊಡಗಿನವರೊಬ್ಬರು ಅತಿಥಿಗಳಾಗಿ ಹೋಗಿದ್ದರು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಭಾರತದ ಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೆ, ಗ್ರೀಕರೂ ತುರ್ಕಿಯವರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಆ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡಿಸುವದಕ್ಕೆ 1964ರ ಜುಲೈಯಲ್ಲಿ ನೇಮಿಸಲ್ಪಟ್ಟರು. ಆ ಪಡೆಯವರ ಸ್ಥಿತಿ ವಿಚಿತ್ರವಾದದ್ದು. ಕೈಯಲ್ಲಿ ಬಂದೂಕವಿದ್ದರೂ ಆತ್ಮರಕ್ಷಣೆಗೆ ಹೊರತು ಹಾರಿಸಬಾರದು. ಇಬ್ಬರ ಮನೆಯಲ್ಲಿಯೂ ಉಣ್ಣಬೇಕು, ಯಾರ ಪಕ್ಷವನ್ನೂ ಹಿಡಿಯಬಾರದು. ಎರಡು ಕಡೆಯವರಿಂದಲೂ ಶತ್ರುವಿನ ಸ್ನೇಹಿತನೆಂದು ಅನ್ನಿಸಿಕೊಳ್ಳಬೇಕು. ಜಗಳದ ಮನೆಗೆ ಹೋದ ಬೀಗರಿಗೆ ಈ ಕಷ್ಟ ಗೊತ್ತು. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಅಲ್ಲಿಯೇ ತೀರಿಹೋದರು. ಮರುವರುಷ ಆ ದ್ವೀಪದ ಸರಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ದ್ವೀಪದಲ್ಲಿ ಅವರು ಒಂದು ಗೇಣು ನೆಲವನ್ನೂ ಗೆದ್ದಿರಲಿಲ್ಲ.

ಬಾಗಿಲನ್ನು ತೆರೆಯುವದು ಈಗ ಮುಂಚಿನಷ್ಟು ಸುಲಭವಾಗಿಲ್ಲವೆಂಬದನ್ನು ಮರೆಮಾಡಲಾರೆವು. 2013ರ ಅಕ್ಟೋಬರ್ 11ರಂದು, ಪೌಲನು ತೇಲಿಬಂದ ಅದೇ ಸಮುದ್ರದಲ್ಲಿ, ಸುರಿಯದ ಯುದ್ಧದಿಂದ ತಪ್ಪಿಸಿಕೊಂಡವರನ್ನು ತುಂಬಿದ ದೋಣಿಯೊಂದು ಮಾಲ್ಟಾಕ್ಕೂ ಲಂಪೆದೂಸ ದ್ವೀಪಕ್ಕೂ ನಡುವೆ ಮುಳುಗಲಾರಂಭಿಸಿತು. ಸಹಾಯಕ್ಕಾಗಿ ಇತಾಲ್ಯಕ್ಕೆ ಕರೆಮಾಡಿದರೆ ಮಾಲ್ಟಾಕ್ಕೆ ಹೇಳಿರೆಂದು ಉತ್ತರ ಬಂತು. ಯಾರ ಹಡಗು ಹೋಗಬೇಕೆಂಬ ಮಾತಿನಲ್ಲಿ ತಾಸುಗಳು ಕಳೆದವು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಅವರು ಕೊಲೆಗಾರರೋ ದೇವರುಗಳೋ ಎಂದು ನೋಡುವದಕ್ಕೆ ಬೆಂಕಿಯ ಸುತ್ತಲೂ ಯಾರೂ ಕೂಡಿರಲಿಲ್ಲ.

ಪೌಲನ ಜೊತೆಯವರಾದರೋ ಮೂರು ತಿಂಗಳಾದ ಮೇಲೆ, ಅವಳಿ ದೇವರುಗಳ ಗುರುತುಳ್ಳ ಮತ್ತೊಂದು ಅಲೆಕ್ಸಾಂದ್ರಿಯದ ಹಡಗನ್ನು ಹತ್ತಿ ಸುರಕೂಸಕ್ಕೆ ಹೊರಟರು. ದ್ವೀಪದವರು ಅವರಿಗೆ ಬೇಕಾದ ಸಾಮಾನುಗಳನ್ನು ತಂದು ಹಡಗಿನಲ್ಲಿಟ್ಟರು. ಗೋಧಿಯನ್ನೆಲ್ಲಾ ಸಮುದ್ರಕ್ಕೆ ಚೆಲ್ಲಿ ಬರಿಗೈಯಲ್ಲಿ ಬಂದವರು, ಹೊಳೆಯಿಲ್ಲದ ನೆಲದವರು ಕೊಟ್ಟದ್ದನ್ನು ಹೇರಿಕೊಂಡು ಹೋದರು.